ಯಾವ ‘ನರದ ಡಾಕ್ಟರ್’ ಹತ್ತಿರ ಹೋಗಬೇಕು?

ಪ್ರಶ್ನೆ: ನಮ್ಮದು ಬೇಲೂರು ಹತ್ತಿರ ಹಳ್ಳಿ. ಮಗನಿಗೆ 2 ವರ್ಷ 4 ತಿಂಗಳು. ಹೆರಿಗೆ ನಾರ್ಮಲ್, ಹುಟ್ಟಿದ ಕೂಡಲೇ ಅತ್ತ. 8 ತಿಂಗಳಿಗೆ ಫಿಟ್ಸ್ ಶುರುವಾಯಿತು. ಸಿರಪ್ ಕೊಡುತ್ತಿದ್ದೇವೆ, ಆದರೂ ತಿಂಗಳಿಗೆ ಒಂದೆರಡು ಸಲ ಬರುತ್ತದೆ. ಹಿಡಿದುಕೊಂಡು ನಿಲ್ಲುತ್ತಾನೆ, ನಡೆಯಲ್ಲ. ‘ಅಮ್ಮ’, ‘ತಾತ’ ಅನ್ನುತ್ತಿದ್ದವನು ಈಗ ಅದನ್ನೂ ಅನ್ನಲ್ಲ. ಒಂದು ವರ್ಷ ಆಗುವ ಮುಂಚೆ ಮಾಡಿಸಿದ ಎಂ.ಆರ್.ಐ. ನಾರ್ಮಲ್ ಬಂದಿತ್ತು. ಒಬ್ಬ ಡಾಕ್ಟರ್ ಸಿ.ಪಿ. ಅಂದರು, ಇನ್ನೊಬ್ಬರು ‘ಸ್ವಲ್ಪ ನಿಧಾನ, ಸರಿಹೋಗುತ್ತಾನೆ’ ಅಂದರು, ಮೂರನೆಯವರು 28 ಸಾವಿರ ರೂಪಾಯಿಯ ಜೆನೆಟಿಕ್ ಟೆಸ್ಟ್ ಬರೆದರು. ನನ್ನ ಗಂಡ ನನಗೆ ಸೋದರತ್ತೆ ಮಗ. ಒಳ್ಳೆಯ ನರದ ಡಾಕ್ಟರ್ ಹೆಸರು ಹೇಳುತ್ತೀರಾ? ಎರಡನೇ ಮಗುವಿನ ಯೋಚನೆ ಮಾಡಬಹುದಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಾನು ಹಾಸನದಲ್ಲಿ ಮಕ್ಕಳ ಡಾಕ್ಟರ್, ಮಕ್ಕಳ ನರರೋಗ ತಜ್ಞ ಅಲ್ಲ, ಜೆನೆಟಿಕ್ಸ್ ಓದಿದವನೂ ಅಲ್ಲ. ಅವರ ಹತ್ತಿರ ಮಕ್ಕಳನ್ನು ಕಳಿಸುವವನು, ಅವರು ಬರೆದ ಚೀಟಿ ಹಿಡಿದು ವಾಪಸ್ ಬಂದವರಿಗೆ ಅದರ ಅರ್ಥ ಬಿಡಿಸಿ ಹೇಳುವವನು. ಹಾಗಾಗಿ ಎಲ್ಲಿ ದಾರಿ ತಪ್ಪುತ್ತದೆ ಅನ್ನುವುದು ಚೆನ್ನಾಗಿ ಗೊತ್ತು.

ನೀವು ಹೆಸರು ಕೇಳಿದ್ದೀರಿ. ನಾನು ಹೆಸರು ಕೊಡಲ್ಲ. ಕೊಟ್ಟರೆ ನೀವು ಆ ಹೆಸರಿನ ಹಿಂದೆಯೇ ಹೋಗುತ್ತೀರಿ, ಆ ವಾರ ಅವರು ರಜೆ ಇದ್ದರೆ ಬಾಗಿಲಿನಿಂದಲೇ ವಾಪಸ್ ಬರುತ್ತೀರಿ. ನಿಮಗೆ ಬೇಕಾಗಿರುವುದು ವಿಭಾಗದ ಹೆಸರು. ಅದಕ್ಕಿಂತ ಮುಂಚೆ ನಿಮ್ಮ ಮಗನ ಕಥೆ ಒಂದೇ ಕಡೆ ಬರೆದು ಸೇರಬೇಕು. ಮೂರು ಡಾಕ್ಟರ್ ಮೂರು ಮಾತು ಹೇಳಿದ್ದಾರಲ್ಲ, ಅವರಲ್ಲಿ ಯಾರೂ ಪೂರ್ತಿ ಕಥೆ ಕೇಳಿಲ್ಲ ಅಂತ ನನ್ನ ಗುಮಾನಿ. ಒಬ್ಬರು ಕಾಲು ನೋಡಿದರು, ಒಬ್ಬರು ವಯಸ್ಸು ನೋಡಿದರು, ಒಬ್ಬರು ಸಂಬಂಧದ ಮದುವೆ ನೋಡಿದರು.

ಸಿ.ಪಿ. ವಿಷಯ ಮೊದಲು ಬಗೆಹರಿಸೋಣ. ಸಿ.ಪಿ. ಅಂದರೆ ಸೆರೆಬ್ರಲ್ ಪಾಲ್ಸಿ. ಬೆಳೆಯುವ ಮೆದುಳಿಗೆ ಗರ್ಭದಲ್ಲೋ, ಹೆರಿಗೆಯಲ್ಲೋ, ಹುಟ್ಟಿದ ಹೊಸದರಲ್ಲೋ ಬಿದ್ದ ಪೆಟ್ಟು ಅದು. ಆ ಪೆಟ್ಟು ಆದಷ್ಟೇ, ಮುಂದೆ ಹರಡಲ್ಲ. ಸಿ.ಪಿ. ಇರುವ ಮಗು ನಿಧಾನವಾಗಿ ಕಲಿಯುತ್ತದೆ, ಆದರೆ ಕಲಿತದ್ದನ್ನು ಸಾಮಾನ್ಯವಾಗಿ ಕಳೆದುಕೊಳ್ಳಲ್ಲ. ನಿಮ್ಮ ಮಗ ಎರಡು ಮಾತು ಆಡುತ್ತಿದ್ದವನು ಬಿಟ್ಟಿದ್ದಾನೆ. ಹೆರಿಗೆಯಲ್ಲಿ ತೊಂದರೆ ಇಲ್ಲ, ಅತ್ತಿದ್ದಾನೆ, ಎಂ.ಆರ್.ಐ. ನಾರ್ಮಲ್, ತಂದೆ ತಾಯಿ ಹತ್ತಿರದ ಸಂಬಂಧ. ಇಷ್ಟೂ ಒಟ್ಟಿಗೆ ಇರುವಾಗ ಸಿ.ಪಿ. ಅನ್ನುವ ಹಣೆಪಟ್ಟಿಗೆ ನಾನು ಒಪ್ಪುವುದು ಕಷ್ಟ. ಸಿ.ಪಿ. ಇರುವ ಕೆಲವು ಮಕ್ಕಳ ಎಂ.ಆರ್.ಐ. ನಾರ್ಮಲ್ ಇರುತ್ತದೆ, ನಿಜ. ಹತೋಟಿಗೆ ಬರದ ಫಿಟ್ಸ್‌ನಿಂದಲೂ, ಕೆಲವು ಸಲ ಫಿಟ್ಸ್ ಔಷಧಿಯ ಮಂಪರಿನಿಂದಲೂ ಮಾತು ಹಿಂದೆ ಹೋಗಬಹುದು. ಅದನ್ನೆಲ್ಲ ಬಿಡಿಸಿ ನೋಡುವುದಕ್ಕೇ ಸ್ಪೆಷಲಿಸ್ಟ್ ಬೇಕು. ‘ನಿಧಾನ, ಸರಿಹೋಗುತ್ತಾನೆ’ ಅನ್ನುವುದನ್ನು ಮಾತ್ರ ಇವತ್ತೇ ಬಿಟ್ಟುಬಿಡಿ. ಅವನಪ್ಪನೂ 4 ವರ್ಷಕ್ಕೆ ಮಾತಾಡಿದ್ದು ಅಂತ ಮನೆಯಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ, ಅಲ್ವಾ? ತಡವಾಗಿ ಮಾತಾಡುವುದು ಬೇರೆ, ಬಂದ ಮಾತು ಹೋಗುವುದು ಬೇರೆ.

ಈಗ ‘ನರದ ಡಾಕ್ಟರ್’ ಅನ್ನುವ ಪದ. ನಮ್ಮ ಕಡೆ ಇಷ್ಟು ಗೊಂದಲ ಮಾಡಿದ ಪದ ಇನ್ನೊಂದಿಲ್ಲ. ಆಪರೇಷನ್ ಮಾಡುವ ನ್ಯೂರೋ ಸರ್ಜನ್‌ಗೂ ನರದ ಡಾಕ್ಟರ್ ಅನ್ನುತ್ತಾರೆ, ದೊಡ್ಡವರ ಲಕ್ವ ನೋಡುವ ನ್ಯೂರಾಲಜಿಸ್ಟ್‌ಗೂ ಅನ್ನುತ್ತಾರೆ, ಮನೋವೈದ್ಯರಿಗೂ ಅನ್ನುತ್ತಾರೆ, ಬಸ್ ಸ್ಟ್ಯಾಂಡ್ ಗೋಡೆ ಮೇಲೆ ನರದೌರ್ಬಲ್ಯದ ಪೋಸ್ಟರ್ ಅಂಟಿಸಿದವನಿಗೂ ಅನ್ನುತ್ತಾರೆ. ನಿಮಗೆ ಬೇಕಾದವರು ಪೀಡಿಯಾಟ್ರಿಕ್ ನ್ಯೂರಾಲಜಿಸ್ಟ್, ಅಂದರೆ ಮಕ್ಕಳ ನರರೋಗ ತಜ್ಞರು. ಎಂ.ಬಿ.ಬಿ.ಎಸ್. ಆದಮೇಲೆ ಮಕ್ಕಳ ವಿಭಾಗದಲ್ಲಿ ಎಂ.ಡಿ., ಅದರ ಮೇಲೆ ಇನ್ನೂ 3 ವರ್ಷ ಡಿ.ಎಂ. ಮಾಡಿರುತ್ತಾರೆ. ಡಿ.ಎಂ. ಬದಲು ಡಿಆರ್‌ಎನ್‌ಬಿ ಅಂತಲೂ ಇರಬಹುದು, ಎರಡೂ ಒಂದೇ ಮಟ್ಟ. ಎಂ.ಡಿ. ಆದಮೇಲೆ ಒಂದೆರಡು ವರ್ಷ ಫೆಲೋಶಿಪ್ ಮಾಡಿದ ಒಳ್ಳೆಯವರೂ ಇದ್ದಾರೆ. ದೊಡ್ಡವರ ನ್ಯೂರಾಲಜಿ ಓದಿ ಮಕ್ಕಳನ್ನೂ ನೋಡುವವರಿದ್ದಾರೆ, ಸಾಧಾರಣ ಫಿಟ್ಸ್‌ಗೆ ಅವರು ಸಾಕು. ನಿಮ್ಮ ಮಗನ ಥರದ ತೊಡಕಿಗೆ ಸಾಲದು ಅಂತ ನನ್ನ ಅಭಿಪ್ರಾಯ. ಬೋರ್ಡ್ ನೋಡಿ ಅನುಮಾನ ಬಂದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಸಂಖ್ಯೆ ಹಿಡಿದು ಯಾರದೇ ಡಿಗ್ರಿ ವಿಚಾರಿಸಬಹುದು. ಕೇಳಲು ಸಂಕೋಚ ಬೇಡ. ಗದ್ದೆ ಕೊಳ್ಳುವಾಗ ಪಹಣಿ ನೋಡುತ್ತೀರಲ್ಲ.

ಎರಡನೆಯವರು ಮೆಡಿಕಲ್ ಜೆನೆಟಿಸಿಸ್ಟ್, ಅಂದರೆ ವಂಶವಾಹಿ (ಜೀನ್) ಕಾಯಿಲೆಗಳ ತಜ್ಞರು. ಇವರ ಕೆಲಸ ಬೇರೆ. ಫಿಟ್ಸ್ ನಿಲ್ಲಿಸುವುದು, ಔಷಧಿ ಬದಲಿಸುವುದು ನ್ಯೂರಾಲಜಿಸ್ಟ್ ಕೆಲಸ. ಕಾಯಿಲೆಗೆ ಹೆಸರು ಹುಡುಕುವುದು, ಯಾವ ಟೆಸ್ಟ್ ಬೇಕು, ಯಾವುದು ಬೇಡ ಅಂತ ತೀರ್ಮಾನಿಸುವುದು, ಮುಂದಿನ ಮಗುವಿಗೆ ಎಷ್ಟು ಅಪಾಯ ಅಂತ ಹೇಳುವುದು ಜೆನೆಟಿಸಿಸ್ಟ್ ಕೆಲಸ. ನಿಮ್ಮ ಎರಡು ಪ್ರಶ್ನೆಗಳಲ್ಲಿ ಮೊದಲನೆಯದು ಒಬ್ಬರದು, ಎರಡನೆಯದು ಇನ್ನೊಬ್ಬರದು. ಹಾಗಾಗಿ ಒಬ್ಬ ‘ಒಳ್ಳೆಯ ಡಾಕ್ಟರ್’ ಹುಡುಕಬೇಡಿ, ಈ ಎರಡೂ ವಿಭಾಗ ಒಂದೇ ಕಡೆ ಅಥವಾ ಅಕ್ಕಪಕ್ಕ ಇರುವ ಜಾಗ ಹುಡುಕಿ.

ಅಂಥ ಜಾಗ ನಮಗೆ ಎರಡು ದಿಕ್ಕಿನಲ್ಲಿವೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸರ್ಕಾರದ್ದು, ಮಕ್ಕಳ ನರವಿಭಾಗವೂ ಇದೆ, ಜೆನೆಟಿಕ್ಸ್ ಕೂಡ ಇದೆ. ಅದರ ಪಕ್ಕದಲ್ಲೇ ನಿಮ್ಹಾನ್ಸ್. ಎರಡೂ ಹೊಸೂರು ರಸ್ತೆ ಕಡೆ, ಮೆಜೆಸ್ಟಿಕ್‌ನಲ್ಲಿ ಇಳಿದು ಡೈರಿ ಸರ್ಕಲ್ ಕಡೆ ಹೋಗುವ ಸಿಟಿ ಬಸ್ ಹತ್ತಿದರೆ ಆಯಿತು. ಘಟ್ಟ ಇಳಿದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ. ಅಲ್ಲಿ ಮೆಡಿಕಲ್ ಜೆನೆಟಿಕ್ಸ್‌ಗೆ ಅಂತಲೇ ಪ್ರತ್ಯೇಕ ವಿಭಾಗ ಇದೆ. ಖಾಸಗಿ, ಖರ್ಚು ಜಾಸ್ತಿ, ಆದರೆ ನೂಕುನುಗ್ಗಲು ಕಡಿಮೆ. ಬೇಲೂರಿನವರಿಗೆ ಎರಡೂ ದೂರವೇ. ಮಳೆಗಾಲದಲ್ಲಿ ಮಾತ್ರ ಮಣಿಪಾಲದ ಯೋಚನೆ ಬೇಡ. ಫಿಟ್ಸ್ ಬರುವ ಮಗುವನ್ನು ಎತ್ತಿಕೊಂಡು ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತವರನ್ನು ನಾನು ನೋಡಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರೇ ಸರಿ.

ಆದರೆ ನಾಳೆಯೇ ಬಸ್ ಹತ್ತಬೇಡಿ. ಮೊದಲು ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಬನ್ನಿ, ಹಿಮ್ಸ್ ಅನ್ನುತ್ತಾರಲ್ಲ, ಅಲ್ಲಿಗೆ. ಚಿಕ್ಕಮಗಳೂರು ಹತ್ತಿರ ಅನ್ನಿಸಿದರೆ ಅಲ್ಲಿನ ಜಿಲ್ಲಾ ಆಸ್ಪತ್ರೆಯಾದರೂ ಆಗುತ್ತದೆ. ಮಕ್ಕಳ ವಿಭಾಗದಲ್ಲಿ ಡಿ.ಇ.ಐ.ಸಿ. ಎಲ್ಲಿ ಅಂತ ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜಿಲ್ಲಾ ಕೇಂದ್ರ ಅದು. ಬೆಳವಣಿಗೆ ತಡ ಆದ ಮಕ್ಕಳಿಗೆ ಬೇಗ ತರಬೇತಿ ಶುರು ಮಾಡುವುದಕ್ಕೆ ಅಂತಲೇ ಇರುವುದು. ವರ್ಷಕ್ಕೆ ಎರಡು ಸಲ ನಿಮ್ಮೂರ ಅಂಗನವಾಡಿಗೆ ಜೀಪಿನಲ್ಲಿ ಡಾಕ್ಟರ್ ತಂಡ ಬರುತ್ತದಲ್ಲ, ಅದೂ ಇದೇ ಕಾರ್ಯಕ್ರಮ. 18 ವರ್ಷದವರೆಗಿನ ಮಕ್ಕಳನ್ನು ನೋಡಿ ಮೇಲಿನ ಆಸ್ಪತ್ರೆಗೆ ಕಳಿಸುವ ಅಧಿಕಾರ ಅವರಿಗಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೈಯಲ್ಲಿದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಬಾಗಿಲು ತೆರೆಯುತ್ತದೆ, ಬಿ.ಪಿ.ಎಲ್. ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಚೀಟಿ ಇಲ್ಲದೆ ಸೀದಾ ಹೋದವರು ಕೌಂಟರ್‌ನಿಂದ ಕೌಂಟರ್‌ಗೆ ಅಲೆಯುವುದನ್ನು ನೋಡಿ ನೋಡಿ ಸಾಕಾಗಿದೆ.

ಈಗ ಫೈಲ್. ಇದು ಮುಖ್ಯ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಅವನು ಏನು ಯಾವಾಗ ಕಲಿತ ಅಂತ ಬರೆಯಿರಿ: ಕತ್ತು ನಿಂತದ್ದು, ಮಗುಚಿಕೊಂಡದ್ದು, ಕೂತದ್ದು, ಅಂಬೆಗಾಲಿಟ್ಟದ್ದು, ಮುಖ ನೋಡಿ ನಕ್ಕದ್ದು. ತಾರೀಖು ನೆನಪಿರಲ್ಲ, ಗೊತ್ತು. ಹಬ್ಬ ಹಿಡಿದು ಲೆಕ್ಕ ಹಾಕಿ. ಗೌರಿ ಹಬ್ಬಕ್ಕೆ ಕೂರುತ್ತಿದ್ದನಾ, ಸಂಕ್ರಾಂತಿಗೆ ಹೊಸಿಲು ದಾಟಿದ್ದನಾ? ಫೋನಿನಲ್ಲಿರುವ ಹಳೆ ಫೋಟೊ ನೋಡಿದರೆ ತಾರೀಖು ಸಮೇತ ಸಿಗುತ್ತದೆ. ಆಮೇಲೆ ಕಳೆದುಕೊಂಡದ್ದು ಬರೆಯಿರಿ. ಮಾತು ಯಾವಾಗ ನಿಂತಿತು, ಜ್ವರ ಬಂದು ಆಮೇಲೆ ನಿಂತಿತಾ, ಹೊಸ ಔಷಧಿ ಶುರುವಾದ ಮೇಲಾ, ಸುಮ್ನೆ ತಾನಾಗಿಯೇ ಕಮ್ಮಿ ಆಯಿತಾ. ಎರಡನೇ ಪುಟದಲ್ಲಿ ಎರಡೂ ಕಡೆಯ ವಂಶ. ಅಜ್ಜ ಅಜ್ಜಿಯಿಂದ ಹಿಡಿದು ಯಾರಿಗೆ ಫಿಟ್ಸ್, ಯಾರ ಮಗು ಚಿಕ್ಕದರಲ್ಲಿ ತೀರಿಕೊಂಡಿತು, ಯಾರಿಗೆ ಪದೇ ಪದೇ ಗರ್ಭ ನಿಲ್ಲಲಿಲ್ಲ, ಎಲ್ಲ. ಇದಕ್ಕೆ ಮನೆಯ ಹಿರಿಯರನ್ನು ಕೇಳಬೇಕು, ಅವರು ಹೇಳಲು ಹಿಂದೆ ಮುಂದೆ ನೋಡುತ್ತಾರೆ. ‘ಬಾಲಗ್ರಹದಲ್ಲಿ ಹೋಯಿತು’ ಅಂತ ಒಂದು ಮಾತಲ್ಲಿ ಮುಗಿಸಿದ ಮಗು ನಿಮ್ಮ ಮಗನ ಕಾಯಿಲೆಯಲ್ಲೇ ಹೋಗಿರಬಹುದು. ಜೆನೆಟಿಸಿಸ್ಟ್‌ಗೆ ಆ ಒಂದು ಮಾತು ತುಂಬ ಉಪಯೋಗ.

ಮೂರನೇ ಪುಟ ಫಿಟ್ಸ್‌ಗೆ. ದಿನ, ಹೊತ್ತು, ಎಷ್ಟು ನಿಮಿಷ, ಮುಂಚೆ ಏನಾಗುತ್ತಿತ್ತು. ನಮ್ಮ ಕಡೆ ಇನ್ನೊಂದು ಕೇಳಲೇಬೇಕು: ತಲೆ ಮೇಲೆ ಬಿಸಿನೀರು ಸುರಿಯುವಾಗ ಬರುತ್ತದಾ? ಹಂಡೆಯಿಂದ ಮೊಗೆದು ಮೊಗೆದು ನೆತ್ತಿಗೆ ಹುಯ್ಯುತ್ತೇವಲ್ಲ, ಅದರಿಂದಲೇ ಬರುವ ಒಂದು ಬಗೆಯ ಮೂರ್ಛೆ ಇದೆ, ದಕ್ಷಿಣ ಕರ್ನಾಟಕದಲ್ಲಿ ಅದು ಅಪರೂಪ ಅಲ್ಲ, ನಿಮ್ಹಾನ್ಸ್‌ನವರು ಅದರ ಮೇಲೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಡ್ರಾವೆ ಸಿಂಡ್ರೋಮ್ ಅಂತ ಇನ್ನೊಂದಿದೆ, ಒಂದು ವರ್ಷದ ಒಳಗೇ ಶುರುವಾಗುತ್ತದೆ, ಜ್ವರಕ್ಕೂ ಬಿಸಿನೀರಿಗೂ ಫಿಟ್ಸ್ ಕೆರಳುತ್ತದೆ. ಮೂರ್ಛೆಗೆ ಕೊಡುವ ಕಾರ್ಬಮಜೆಪಿನ್ ಥರದ ಕೆಲವು ಮಾತ್ರೆ ಅದರಲ್ಲಿ ಫಿಟ್ಸ್ ಕಡಿಮೆ ಮಾಡುವ ಬದಲು ಜಾಸ್ತಿ ಮಾಡಬಹುದು. ಹಾಗಂತ ಈಗ ಕೊಡುತ್ತಿರುವ ಸಿರಪ್ ನೀವಾಗೇ ನಿಲ್ಲಿಸಬೇಡಿ, ಯಾವುದೇ ಫಿಟ್ಸ್ ಔಷಧಿ ದಿಢೀರನೆ ಬಿಟ್ಟರೆ ಅಪಾಯ. ಬಾಟಲಿಯನ್ನೇ ಡಾಕ್ಟರಿಗೆ ತೋರಿಸಿ.

ಎಲ್ಲಕ್ಕಿಂತ ಹೆಚ್ಚಾಗಿ ವಿಡಿಯೊ. ಫಿಟ್ಸ್ ಬಂದಾಗ ಒಬ್ಬರು ಮಗುವನ್ನು ಪಕ್ಕಕ್ಕೆ ಮಲಗಿಸಿ ಹಿಡಿಯಿರಿ, ಇನ್ನೊಬ್ಬರು ಫೋನ್ ಅಡ್ಡ ಹಿಡಿದು ಮುಖವೂ ಕೈಕಾಲೂ ಕಾಣುವ ಹಾಗೆ ತೆಗೆಯಿರಿ. ಹೊದಿಕೆ ತೆಗೆದುಹಾಕಿ, ದೀಪ ಹಾಕಿ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಹೀಗೆ ತೆಗೆದ ಮಗುವಿನ ವಿಡಿಯೊ ನೋಡಿ ಮಕ್ಕಳ ನ್ಯೂರಾಲಜಿಸ್ಟ್ ಅರ್ಧ ನಿಮಿಷದಲ್ಲಿ ಹೇಳುವುದನ್ನು ನಾವು ಅರ್ಧ ಗಂಟೆ ಮಾತಾಡಿಯೂ ಹೇಳಲಾರೆವು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಒಬ್ಬ ಅಜ್ಜಿ 5 ತಿಂಗಳ ಮಗುವನ್ನು ಎತ್ತಿಕೊಂಡು ಬಂದರು. ‘ನಿದ್ದೆಯಿಂದ ಎದ್ದ ತಕ್ಷಣ ಬೆಚ್ಚಿ ಬೆಚ್ಚಿ ಮುಂದಕ್ಕೆ ಬಗ್ಗುತ್ತೆ ಸ್ವಾಮಿ, ಹತ್ತಿಪ್ಪತ್ತು ಸಲ, ಆಮೇಲೆ ಅಳುತ್ತೆ’ ಅಂದರು. ನನ್ನ ಮೇಜಿನ ಮೇಲೆ ಮಗು ಆರಾಮಾಗಿ ನಗುತ್ತಿತ್ತು. ಹೊಟ್ಟೆನೋವು ಅಂತ ಡ್ರಾಪ್ಸ್ ಬರೆದು ಕಳಿಸಿದೆ. 3 ವಾರ ಕಳೆದು ವಾಪಸ್ ಬಂದಾಗ ಮಗು ನಗುವುದನ್ನೇ ಬಿಟ್ಟಿತ್ತು. ಅದು ಇನ್‌ಫೆಂಟೈಲ್ ಸ್ಪಾಸಂ, ಹಸುಗೂಸುಗಳಿಗೆ ಬರುವ ಒಂದು ಬಗೆಯ ಫಿಟ್ಸ್. ಅದರ ಚಿಕಿತ್ಸೆ ಒಂದೊಂದು ವಾರ ತಡ ಆದರೂ ಮೆದುಳಿನ ಬೆಳವಣಿಗೆಗೆ ನಷ್ಟ. ಆ ಅಜ್ಜಿ ಸರಿಯಾಗಿಯೇ ಹೇಳಿದ್ದರು, ಕೇಳಿಸಿಕೊಳ್ಳದವನು ನಾನು. ಈ ಕಾಯಿಲೆಯನ್ನು ಮೊದಲು ಬರೆದಿಟ್ಟವನು ವಿಲಿಯಂ ಜೇಮ್ಸ್ ವೆಸ್ಟ್ ಅಂತ ಒಬ್ಬ ಇಂಗ್ಲಿಷ್ ಡಾಕ್ಟರ್, 1841ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದ ಪತ್ರದಲ್ಲಿ. ಅವನು ಬರೆದದ್ದು ತನ್ನ ಸ್ವಂತ ಮಗನ ಬಗ್ಗೆ. ಮಗು ಸಲಾಂ ಹೊಡೆದ ಹಾಗೆ ಬಗ್ಗುವುದನ್ನು ಮನೆಯಲ್ಲಿ ದಿನಾ ಕಂಡ ಅಪ್ಪನ ಕಣ್ಣಿಗೆ ಬಿದ್ದ ಕಾಯಿಲೆ ಅದು, ಇವತ್ತಿಗೂ ವೆಸ್ಟ್ ಸಿಂಡ್ರೋಮ್ ಅನ್ನುತ್ತೇವೆ. ನಿಮ್ಮ ಮಗನಿಗೆ 8 ತಿಂಗಳಿಗೆ ಶುರುವಾದದ್ದು ಯಾವ ಥರ ಇತ್ತು, ಮೈಯೆಲ್ಲ ಸೆಟೆದದ್ದಾ, ಹೀಗೆ ಬಗ್ಗಿದ್ದಾ? ಪತ್ರದಲ್ಲಿ ಬರೆದಿಲ್ಲ. ನೆನಪು ಮಾಡಿ ಬರೆದಿಡಿ.

ಫೈಲಿನಲ್ಲಿ ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಇ.ಇ.ಜಿ. (ಮೆದುಳಿನ ವಿದ್ಯುತ್ ಅಲೆಯ ಪರೀಕ್ಷೆ) ಕಾಗದ, ಎಂ.ಆರ್.ಐ. ವರದಿ ಇರಲಿ. ವರದಿ ಮಾತ್ರ ಸಾಲದು, ಎಂ.ಆರ್.ಐ. ಫಿಲ್ಮ್ ಅಥವಾ ಸಿ.ಡಿ. ಬೇಕೇ ಬೇಕು. ಮಕ್ಕಳ ಮೆದುಳು ನೋಡಿ ಅಭ್ಯಾಸ ಇರುವವರ ಕಣ್ಣಿಗೆ ಬೇರೆಯದು ಕಾಣಬಹುದು. ಇನ್ನೊಂದು ಮಾತು. ಒಂದು ವರ್ಷದ ಒಳಗೆ ಮಾಡಿಸಿದ ಎಂ.ಆರ್.ಐ. ನಾರ್ಮಲ್ ಅಂದಮಾತ್ರಕ್ಕೆ ಕಥೆ ಮುಗಿಯಲ್ಲ, ನರದ ಮೇಲಿನ ಕೊಬ್ಬಿನ ಕವಚ ಆಗಿನ್ನೂ ಪೂರ್ತಿ ಬಂದಿರಲ್ಲ, 2 ವರ್ಷ ದಾಟಿದ ಮೇಲೆ ಮತ್ತೆ ತೆಗೆಯಿರಿ ಅಂದರೆ ದುಡ್ಡಿಗೆ ಅಂದುಕೊಳ್ಳಬೇಡಿ.

ಸ್ಪೆಷಲಿಸ್ಟ್ ದಿನ ಸಿಗುವುದು ತಡ ಆದರೆ ಅಷ್ಟರಲ್ಲಿ ಇಲ್ಲೇ ಮಾಡಿಸಬಹುದಾದ ಕೆಲವು ರಕ್ತಪರೀಕ್ಷೆ ಇವೆ. ಥೈರಾಯ್ಡ್, ಬಿ12. ಬಿ12 ಅಂದಾಗ ಜನ ನಗುತ್ತಾರೆ, ‘ಇಷ್ಟೆಲ್ಲ ಆಗಿ ವಿಟಮಿನ್ನಾ ಡಾಕ್ಟ್ರೇ?’ ಅಂತ. ಹಾಲು ಮೊಸರು ಅಷ್ಟಕ್ಕಷ್ಟೆ, ಮೊಟ್ಟೆ ಮಾಂಸ ಮುಟ್ಟದ ತಾಯಿ, ಎದೆಹಾಲು ಬಿಟ್ಟರೆ ಬೇರೇನೂ ತಿನ್ನದ ಮಗು. ಇಂಥ ಮಗು ಒಂದು ವರ್ಷದ ಹೊತ್ತಿಗೆ ಮಂಕಾಗಿ, ಬೆರಳ ಗಂಟು ಕಪ್ಪಾಗಿ, ಕೈ ನಡುಗಿ, ಕಲಿತದ್ದು ಮರೆತು ಬರುವುದನ್ನು ನಮ್ಮ ಜಿಲ್ಲೆಯ ಎಲ್ಲ ಮಕ್ಕಳ ಡಾಕ್ಟರೂ ನೋಡಿರುತ್ತಾರೆ. ಕೆಲವು ಇಂಜೆಕ್ಷನ್‌ಗೆ ಮತ್ತೆ ನಗುತ್ತದೆ. ಆಮೇಲೆ ಟಿ.ಎಂ.ಎಸ್. ಅನ್ನುವ ಪರೀಕ್ಷೆ, ಒಣಗಿದ ರಕ್ತದ ಚುಕ್ಕೆಯಲ್ಲಿ ಹಲವು ಮೆಟಬಾಲಿಕ್ ಕಾಯಿಲೆ, ಅಂದರೆ ಮೈಯೊಳಗಿನ ರಾಸಾಯನಿಕ ಕ್ರಿಯೆ ಕೆಟ್ಟು ಬರುವ ಕಾಯಿಲೆ, ಒಟ್ಟಿಗೆ ನೋಡುವುದು. ಅದರ ಜೊತೆ ಬಯೊಟಿನಿಡೇಸ್ ಕೊರತೆಯ ಪರೀಕ್ಷೆ ಕೂಡ ಕೇಳಿ. ಫಿಟ್ಸ್, ಕೂದಲು ಉದುರುವುದು, ಮೈಮೇಲೆ ಗಂಧೆ ಥರ ಬರುವ ಆ ಕಾಯಿಲೆಗೆ ಚಿಕಿತ್ಸೆ ಬಯೊಟಿನ್ ಅನ್ನುವ ವಿಟಮಿನ್ ಮಾತ್ರೆ, ಅಗ್ಗದ್ದು. ಬಿ6 ಕೊಟ್ಟರೆ ನಿಲ್ಲುವ ಫಿಟ್ಸ್ ಇದೆ. ಅನ್ನ ಮುದ್ದೆ ಕಡಿಮೆ ಮಾಡಿ ಕೊಬ್ಬಿನ ಆಹಾರ ಕೊಟ್ಟರೆ ಹತೋಟಿಗೆ ಬರುವ ಗ್ಲುಟ್-1 ಅನ್ನುವ ತೊಂದರೆ ಇದೆ, ಅದನ್ನು ಮನೆಯಲ್ಲಿ ನೀವೇ ಮಾಡುವ ಹಾಗಿಲ್ಲ, ಆಸ್ಪತ್ರೆಯಲ್ಲೇ ಶುರು ಮಾಡಬೇಕು. ನಿಮ್ಮ ಮಗನಿಗೆ ಇವೇ ಇವೆ ಅಂತ ಹೇಳುತ್ತಿಲ್ಲ. ‘ಜೆನೆಟಿಕ್ ಅಂದರೆ ಏನೂ ಮಾಡೋಕಾಗಲ್ಲ’ ಅಂತ ಯಾರಾದರೂ ಅಂದರೆ ನಂಬಬೇಡಿ ಅಂತ ಹೇಳುತ್ತಿದ್ದೇನೆ. ಎಷ್ಟೋ ಕಾಯಿಲೆಗೆ ಮದ್ದಿಲ್ಲ, ನಿಜ. ಮದ್ದಿರುವ ಕೆಲವನ್ನು ಬಿಟ್ಟುಬಿಡಬಾರದು, ಅದಕ್ಕೇ ಹುಡುಕುವುದು.

28 ಸಾವಿರದ ಟೆಸ್ಟ್‌ಗೆ ಬರುತ್ತೇನೆ. ಬರೆದವರು ತಪ್ಪು ಮಾಡಿಲ್ಲ, ಮೂವರಲ್ಲಿ ಗುರಿಗೆ ಹತ್ತಿರ ಬಂದವರು ಅವರೇ ಇರಬಹುದು. ಆದರೆ ಯಾವ ಟೆಸ್ಟ್ ಅಂತ ನೀವು ಬರೆದಿಲ್ಲ, ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಕಾಫಿ ಸೀಮೆಯವರಿಗೆ ಕಾಫಿಯಲ್ಲೇ ಹೇಳುತ್ತೇನೆ. ಕ್ಯಾರಿಯೊಟೈಪ್ ಅಂದರೆ ಗೋಡೌನ್‌ನಲ್ಲಿ 46 ಮೂಟೆ (ಕ್ರೋಮೊಸೋಮ್) ಇವೆಯಾ ಅಂತ ಎಣಿಸುವುದು. ಡೌನ್ ಸಿಂಡ್ರೋಮ್‌ನಲ್ಲಿ ಒಂದು ಮೂಟೆ ಜಾಸ್ತಿ, ಅಲ್ಲಿಗೆ ಈ ಟೆಸ್ಟ್ ಸಾಕು. ಮೈಕ್ರೊಅರೇ ಅಂದರೆ ಯಾವ ಮೂಟೆಯಿಂದಲಾದರೂ ಒಂದು ಬೊಗಸೆ ಕಡಿಮೆ ಆಗಿದೆಯಾ, ಜಾಸ್ತಿ ಸುರಿದಿದೆಯಾ ಅಂತ ತೂಗಿ ನೋಡುವುದು. ಎಕ್ಸೋಮ್ ಅಂದರೆ ಮೂಟೆ ಬಿಚ್ಚಿ ಕಾಳು ಕಾಳೂ ನೋಡುವುದು, 20 ಸಾವಿರದಷ್ಟು ಜೀನ್‌ಗಳ ಮುಖ್ಯ ಭಾಗ ಪೂರ್ತಿ. 28 ಸಾವಿರ ಅಂದರೆ ಬಹುಶಃ ಇದೇ. ನಿಮ್ಮ ಮಗನ ಥರದ ಮಕ್ಕಳಿಗೆ ಜಾಸ್ತಿ ಉತ್ತರ ಕೊಡುವುದೂ ಇದೇ.

ಆದರೂ ಜೆನೆಟಿಸಿಸ್ಟ್ ನೋಡುವ ಮುಂಚೆ ದುಡ್ಡು ಕಟ್ಟಬೇಡಿ ಅನ್ನುತ್ತೇನೆ. ಎಕ್ಸೋಮ್‌ಗೂ ಕಾಣದ್ದು ಇದೆ. ಹುಡುಗರಲ್ಲಿ ಬುದ್ಧಿ ಬೆಳವಣಿಗೆ ಕುಂಠಿಸುವ ಫ್ರಜೈಲ್ ಎಕ್ಸ್ ಅದರಲ್ಲಿ ಸಿಗಲ್ಲ, ಅದಕ್ಕೆ ಬೇರೆ ಟೆಸ್ಟ್. ಕೆಲವು ಕಾಯಿಲೆಗೆ ಚರ್ಮ ನೋಡಿದರೆ ಸಾಕು. ಟ್ಯೂಬರಸ್ ಸ್ಕ್ಲೆರೋಸಿಸ್‌ನಲ್ಲಿ ಎಲೆಯಾಕಾರದ ಬಿಳಿ ಮಚ್ಚೆ, ನ್ಯೂರೋಫೈಬ್ರೊಮಟೋಸಿಸ್‌ನಲ್ಲಿ ಹಾಲು ಹಾಕಿದ ಕಾಫಿ ಬಣ್ಣದ ಮಚ್ಚೆ. ಮಗುವನ್ನು ಪೂರ್ತಿ ಬಟ್ಟೆ ಬಿಚ್ಚಿಸಿ ನೋಡದ ಡಾಕ್ಟರ್ ಈ ಕಾಯಿಲೆ ಹುಡುಕಲಾರರು, ಇದನ್ನು ನೀವೂ ಒಂದು ಅಳತೆಗೋಲು ಮಾಡಿಕೊಳ್ಳಬಹುದು. ಮಚ್ಚೆ ಇದ್ದರೆ ನೇರ ಆ ಜೀನ್ ಮಾತ್ರ ನೋಡಬಹುದು. ಟೆಸ್ಟ್ ಮಾಡಿಸುವುದೇ ಆದರೆ ಮೂವರದೂ, ಅಂದರೆ ಮಗು, ತಾಯಿ, ತಂದೆ ರಕ್ತ ಒಟ್ಟಿಗೆ ಕೊಟ್ಟರೆ ಅರ್ಥ ಮಾಡುವುದು ಸುಲಭ. ವರದಿಯಲ್ಲಿ ವಿ.ಯು.ಎಸ್. ಅಂತ ಬರಬಹುದು. ಬದಲಾವಣೆ ಕಂಡಿದೆ, ಅದರಿಂದಲೇ ಕಾಯಿಲೆಯಾ ಗೊತ್ತಿಲ್ಲ ಅಂತ ಅದರ ಅರ್ಥ. ಅದನ್ನು ಹಿಡಿದು ಅಳುವುದೂ ಬೇಡ, ಮುಂದಿನ ಬಸಿರಿನ ತೀರ್ಮಾನ ಮಾಡುವುದೂ ಬೇಡ. ಏನೂ ಸಿಗದಿದ್ದರೂ ದುಡ್ಡು ದಂಡ ಅಲ್ಲ. ಒಂದೆರಡು ವರ್ಷ ಬಿಟ್ಟು ಅದೇ ಡೇಟಾ ಮತ್ತೆ ನೋಡಿಸಿದಾಗ ಉತ್ತರ ಸಿಕ್ಕವರಿದ್ದಾರೆ. ಡೇಟಾ ಫೈಲ್ ಕೇಳಿ ಇಟ್ಟುಕೊಳ್ಳಿ.

ಎರಡನೇ ಮಗು. ಇದನ್ನು ಕೇಳಲು ನಿಮಗೆ ಎಷ್ಟು ಕಷ್ಟ ಆಗಿರಬಹುದು ಅಂತ ಗೊತ್ತು. ಖಂಡಿತ ಯೋಚನೆ ಮಾಡಬಹುದು, ಆದರೆ ಮಗನ ಕಾಯಿಲೆಗೆ ಹೆಸರು ಸಿಕ್ಕಮೇಲೆ. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಜೀನ್‌ನ ಒಂದೊಂದು ಪ್ರತಿ ಕೆಟ್ಟಿದ್ದರೆ ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಎರಡೂ ಕೆಟ್ಟ ಪ್ರತಿ ಮಗುವಿಗೆ ಬಂದರೆ ಕಾಯಿಲೆ. ಅದರ ಸಾಧ್ಯತೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು. ಒಂದು ಆಗಿಹೋಯಿತು, ಇನ್ನು ಮೂರು ಸರಿ ಅನ್ನುವ ಲೆಕ್ಕ ಅಲ್ಲ, ಪ್ರತಿ ಸಲವೂ ಹೊಸ ಚೀಟಿ ಎತ್ತಿದ ಹಾಗೆ. ಕೆಟ್ಟ ಜೀನ್ ಯಾವುದು ಅಂತ ಮೊದಲ ಮಗುವಿನಲ್ಲಿ ಖಚಿತವಾಗಿದ್ದರೆ, ಮುಂದಿನ ಬಸಿರಿನಲ್ಲಿ 11ರಿಂದ 13 ವಾರದ ಹೊತ್ತಿಗೆ ಕಸದ (ಮಾಸಿನ) ಚೂರು ತೆಗೆದೋ, 16 ವಾರದ ಸುಮಾರಿಗೆ ಗರ್ಭದ ನೀರು ತೆಗೆದೋ ಅದೇ ಜೀನ್ ನೋಡಬಹುದು. ನೋಂದಾಯಿತ ಕೇಂದ್ರದಲ್ಲಿ ಇದು ಕಾನೂನುಬದ್ಧ. ಹೆಣ್ಣೋ ಗಂಡೋ ಮಾತ್ರ ಹೇಳಲ್ಲ, ಕೇಳಲೂಬೇಡಿ. ಮೊದಲೇ ಬಸಿರಾಗಿ ಆಮೇಲೆ ಓಡಿ ಬಂದರೆ ಮಗನ ಎಕ್ಸೋಮ್ ವರದಿ ಬರುವುದರೊಳಗೆ ವಾರಗಳು ಜಾರಿಹೋಗುತ್ತವೆ. ಅದಕ್ಕೇ ಈಗಲೇ ಹೇಳುತ್ತಿರುವುದು.

‘ಸಂಬಂಧದಲ್ಲಿ ಕೊಟ್ಟದ್ದರಿಂದಲೇ ಹೀಗಾಯಿತು’ ಅಂತ ಯಾರಾದರೂ ಅನ್ನುತ್ತಿರುತ್ತಾರೆ. ಅತ್ತೆ ಮಗ, ಮಾವನ ಮಗಳು ಅಂದರೆ ಎಂಟರಲ್ಲಿ ಒಂದು ಪಾಲು ಜೀನ್ ಇಬ್ಬರಿಗೂ ಒಂದೇ ಮೂಲದಿಂದ ಬಂದಿರುತ್ತದೆ, ಹಾಗಾಗಿ ಅಪಾಯ ಸ್ವಲ್ಪ ಏರುತ್ತದೆ, ಸುಳ್ಳಲ್ಲ. ಆದರೆ ಮಗುವಿನಲ್ಲೇ ಹೊಸದಾಗಿ ಹುಟ್ಟುವ ಬದಲಾವಣೆಯಿಂದಲೂ ಇಂಥ ಮೂರ್ಛೆ ಬರುತ್ತದೆ, ನಾನು ಮೇಲೆ ಹೇಳಿದ ಡ್ರಾವೆ ಹೆಚ್ಚಾಗಿ ಹಾಗೇ. ಅದಕ್ಕೂ ಮದುವೆಗೂ ಸಂಬಂಧ ಇಲ್ಲ. ವರದಿ ಬರುವ ಮುಂಚೆ ತೀರ್ಪು ಕೊಡುವ ಚಟ ನಮಗೆ ಹೊಸದಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕೀಲು ಮೂಳೆ ಸವೆದು ಜನ ನಡೆಯಲಾಗದೆ ಕೂತಾಗ ಗದ್ದೆಯ ಏಡಿ, ಕೀಟನಾಶಕ ಅಂತೆಲ್ಲ ಅನುಮಾನಪಟ್ಟರು, ಆಮೇಲೆ ಅದು ವಂಶದಲ್ಲಿ ಹರಿಯುವ ಮೂಳೆ ಕಾಯಿಲೆ ಅಂತ ತಿಳಿಯಿತು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಅದು ಕಂಡಿದೆ.

ದುಡ್ಡಿನ ಮಾತು ಚುಟುಕಾಗಿ. ಕಾಯಿಲೆ ಅಪರೂಪದ್ದು ಅಂತಾದರೆ ಕೇಂದ್ರದ 2021ರ ಅಪರೂಪದ ಕಾಯಿಲೆ ನೀತಿ ಇದೆ, ಪಟ್ಟಿಯಲ್ಲಿರುವ ಕಾಯಿಲೆಗೆ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ. ದುಡ್ಡು ನಿಮ್ಮ ಕೈಗೆ ಬರಲ್ಲ, ನಿಗದಿಯಾದ ಕೇಂದ್ರದ ಮೂಲಕವೇ ಚಿಕಿತ್ಸೆ. ಬೆಂಗಳೂರಿನಲ್ಲಿ ಆ ಕೇಂದ್ರ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ನಾನು ಹೇಳಿದ ಇಂದಿರಾ ಗಾಂಧಿ ಮಕ್ಕಳ ಸಂಸ್ಥೆ ಸೇರಿ ನಡೆಸುವುದು. ಅಲ್ಲಿಗೆ ಹೋಗಿ ಅನ್ನುವುದಕ್ಕೆ ಇದೂ ಒಂದು ಕಾರಣ. ಯು.ಡಿ.ಐ.ಡಿ. ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಹಾಸನದಲ್ಲೇ ಅರ್ಜಿ ಹಾಕಿ, ಕಾಯಿಲೆಯ ಹೆಸರು ಸಿಗುವವರೆಗೆ ಕಾಯಬೇಕಿಲ್ಲ. ಸ್ಟೆಮ್ ಸೆಲ್ ಹಾಕಿ ನಡೆಸುತ್ತೇವೆ ಅಂತ ಲಕ್ಷಗಟ್ಟಲೆ ಕೇಳುವವರು ನಿಮ್ಮನ್ನು ಹುಡುಕಿಕೊಂಡು ಬಂದೇ ಬರುತ್ತಾರೆ. ಸಿ.ಪಿ.ಗೂ ಆಟಿಸಂಗೂ ಅದು ಅಂಗೀಕೃತ ಚಿಕಿತ್ಸೆ ಅಲ್ಲ, ತೋಟ ಅಡ ಇಡಬೇಡಿ.

ಫಿಸಿಯೊಥೆರಪಿ ಇವತ್ತೇ ಶುರುವಾಗಲಿ, ಅದಕ್ಕೆ ಯಾವ ವರದಿಯೂ ಬೇಡ. ಮಾತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಹಾಸನದಿಂದ ನೇರ ರೈಲಿದೆ. ಕಿವಿ ಕೇಳಿಸುತ್ತದಾ ಅಂತಲೂ ಅಲ್ಲೇ ನೋಡಿಸಿ, ಮೂವರು ಡಾಕ್ಟರಲ್ಲಿ ಯಾರೂ ನೋಡಿಸಿದ ಹಾಗೆ ಕಾಣಲಿಲ್ಲ. ಬೆಂಗಳೂರಿಗೆ ಹೋಗಿ ಬಂದಮೇಲೂ ಊರಿಗೆ ಹತ್ತಿರ ಒಬ್ಬ ಮಕ್ಕಳ ಡಾಕ್ಟರನ್ನು ಇಟ್ಟುಕೊಳ್ಳಿ, ಅದೇ ನೋಟ್‌ಬುಕ್ ಅವರಿಗೂ ತೋರಿಸುತ್ತಿರಿ. ರಾತ್ರಿ 2 ಗಂಟೆಗೆ ಜ್ವರ ಏರಿದರೆ ನಿಮ್ಹಾನ್ಸ್‌ನವರು ಬೇಲೂರಿಗೆ ಬರಲ್ಲ.

ಬಸ್ಸಿನ ವಿಷಯ ಒಂದು ಉಳಿಯಿತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಶಕ್ತಿ ಟಿಕೆಟ್ ಉಂಟು, ಆಧಾರ್ ಮರೆಯಬೇಡಿ. ಹೊರಡುವ ಮುಂಚೆ ನಿಮ್ಮ ಡಾಕ್ಟರಿಂದ ಮಿಡಜೋಲಾಂ ಮೂಗಿನ ಸ್ಪ್ರೇ ಬರೆಸಿಕೊಳ್ಳಿ, 5 ನಿಮಿಷ ದಾಟಿದರೂ ಫಿಟ್ಸ್ ನಿಲ್ಲದಿದ್ದರೆ ಎಷ್ಟು ಸಲ ಒತ್ತಬೇಕು ಅಂತ ತೂಕ ನೋಡಿ ಅವರೇ ಹೇಳಿಕೊಡುತ್ತಾರೆ, ಒತ್ತಿದ ಮೇಲೆ ಹತ್ತಿರದ ಆಸ್ಪತ್ರೆಗೆ ಇಳಿಯಿರಿ. ಬೆಳಗಿನ ಸಿರಪ್ ಹೊತ್ತು ತಪ್ಪಿಸಬೇಡಿ. ಸ್ಪ್ರೇ, ಸಿರಪ್ ಎರಡೂ ಮಡಿಲಲ್ಲಿರುವ ಕೈಚೀಲದಲ್ಲಿ ಇರಲಿ, ಡಿಕ್ಕಿಗೆ ಹಾಕಿದ ಬ್ಯಾಗಿನಲ್ಲಿ ಬೇಡ.